ಹೊಸ ಮಷೀನ್ ಕೊಳ್ಳುವ ಮೊದಲು: ಬೈಂಡಿಂಗ್ ಅಂಗಡಿ ನಡೆಸುವವರಿಗೆ ಕೆಲವು ಮಾತು

ನಾನು ಪುಣೆಯಲ್ಲಿ ಸಾಫ್ಟ್‌ವೇರ್ ಎಂಜಿನಿಯರ್. ಓದಿದ್ದು ಕಂಪ್ಯೂಟರ್ ಸೈನ್ಸ್‌ನಲ್ಲಿ ಎಂಟೆಕ್. ಆದ್ರೆ ಇವತ್ತು ಮಾತಾಡೋದು ಕಂಪ್ಯೂಟರ್ ಬಗ್ಗೆ ಅಲ್ಲ, ಕಾಗದದ ಬಗ್ಗೆ. ಇನ್ನೂ ಸರಿಯಾಗಿ ಹೇಳಬೇಕಂದ್ರೆ, ಪ್ರಿಂಟ್ ಆದಮೇಲೆ ಕಾಗದಕ್ಕೆ ಏನೇನು ಆಗತ್ತೆ ಅನ್ನೋದರ ಬಗ್ಗೆ. ಕತ್ತರಿಸೋದು, ಮಡಿಸೋದು, ಕ್ರೀಸ್ ಹಾಕೋದು, ಲ್ಯಾಮಿನೇಷನ್, ಡೈ ಪಂಚಿಂಗ್, ಫಾರ್ಮ್ ಜೋಡಿಸೋದು, ಪಿನ್ ಹೊಡೆಯೋದು, ಗಮ್ ಹಾಕಿ ಬೈಂಡ್ ಮಾಡೋದು. ಇಷ್ಟೂ ಸೇರಿದ್ರೆ ಪ್ರಿಂಟ್ ಫಿನಿಶಿಂಗ್. ನಮ್ಮ ಕಡೆ ಸುಮ್ಮನೆ 'ಬೈಂಡಿಂಗ್ ಅಂಗಡಿ' ಅಂತೀವಿ.

ಐಟಿಯವರಿಗೆ ಇದು ಯಾಕೆ ಬೇಕು ಅಂತ ಕೇಳಬಹುದು. ಈ ಮಾತು ಕೇಳ್ತಿರೋರಲ್ಲಿ ಎಷ್ಟೋ ಜನರ ಮನೆಯಲ್ಲಿ ಒಂದು ಸಣ್ಣ ದಂಧೆ ಇದೆ. ಪ್ರೆಸ್, ಮಗ್ಗ, ಗಿರಣಿ, ವರ್ಕ್‌ಶಾಪ್, ಏನೋ ಒಂದು. ಹಬ್ಬಕ್ಕೆ ಊರಿಗೆ ಹೋದಾಗ ಊಟ ಆದಮೇಲೆ ಆ ಮಾತು ಬಂದೇ ಬರತ್ತೆ: "ಹೊಸ ಮಷೀನ್ ತಗೋಬೇಕು, ಲೋನಿಗೆ ನೀನೊಂದು ಸಹಿ ಹಾಕು." ಆಗ ನಾವು ಎರಡೇ ಕೆಲಸ ಮಾಡ್ತೀವಿ. ಒಂದೋ ಕಣ್ಣು ಮುಚ್ಚಿ ಸಹಿ ಹಾಕ್ತೀವಿ, ಇಲ್ಲಾಂದ್ರೆ "ಆ ಧಂದೆಯಲ್ಲಿ ಏನಿದೆ, ಮುಚ್ಚಿಬಿಡಿ" ಅಂತೀವಿ. ಇವೆರಡರ ನಡುವೆ ಇನ್ನೊಂದು ದಾರಿ ಇದೆ. ಅದನ್ನೇ ಹೇಳೋಕೆ ಬಂದಿದ್ದೀನಿ.

ನಮ್ಮ ಮನೆ ಗದಗ. ಮುದ್ರಣಕ್ಕೆ ಮೊದಲಿಂದ ಹೆಸರಾದ ಊರು. ನಮ್ಮ ಕಾಕಾ ಅಲ್ಲಿಯೇ ಬೈಂಡಿಂಗ್ ಕಲಿತು, ಚಿಕ್ಕ ವಯಸ್ಸಿಗೇ ಪುಣೆಗೆ ಬಂದ್ರು. ಅಪ್ಪಾ ಬಳವಂತ ಚೌಕ ಗೊತ್ತಿರಬಹುದು, ಪುಣೆಯ ಪುಸ್ತಕದ ಪೇಟೆ. ಅದರ ಸುತ್ತಲಿನ ಪೇಟೆಗಳ ಗಲ್ಲಿಯಲ್ಲಿ ಅವರ ಅಂಗಡಿ. ಏಳು ಜನ ಕೆಲಸಗಾರರು. ಒಂದು ಕಟಿಂಗ್ ಮಷೀನ್, ಒಂದು ಫೋಲ್ಡಿಂಗ್ ಮಷೀನ್, ಒಂದು ಸಣ್ಣ ಪರ್ಫೆಕ್ಟ್ ಬೈಂಡಿಂಗ್ ಮಷೀನ್, ಎರಡು ಪಿನ್ನಿಂಗ್ ಮಷೀನ್. ಅಂಗಡಿ ತುಂಬ ಕೆಲಸ, ಆದ್ರೂ ಕೆಲಸ ಹೊತ್ತಿಗೆ ಮುಗಿಯಲ್ಲ. ದೊಡ್ಡ ಕಟಿಂಗ್ ಮಷೀನ್ ತಗೋಬೇಕು, ಅದಕ್ಕೆ ಗದಗಿನ ಮನೆ ಪತ್ರ ಅಡ ಇಡಬೇಕು ಅನ್ನೋವರೆಗೂ ಮಾತು ಹೋಗಿತ್ತು. ಕಾಕಾ ನನಗೆ ಹೇಳಿದ್ದು ಇಷ್ಟೇ: "ಮಷೀನ್ ಬಂದ್ರ ಎಲ್ಲಾ ಸರಿ ಆಕ್ಕೈತಿ ಅಂತ ಎಲ್ಲಾರೂ ಹೇಳ್ತಾರ. ನೀ ಲೆಕ್ಕಾ ಕಲ್ತಾಂವ. ಒಂದ್ಸಲ ನೋಡಿ ಹೇಳು ತಮ್ಮಾ."

ಅಲ್ಲಿಂದ ನಾಲ್ಕು ತಿಂಗಳು ಪ್ರತಿ ಶನಿವಾರ ಅಂಗಡಿಗೆ ಹೋದೆ. ಅಲ್ಲಿ ಕಂಡದ್ದು, ಕಲಿತದ್ದು, ಮಾಡಿ ನೋಡಿದ್ದು ಈಗ ಒಂದೊಂದಾಗಿ ಹೇಳ್ತೀನಿ.

1. ಮೊದಲು ಎರಡು ವಾರ ಬರೆದಿಡಿ

ಏನನ್ನೂ ಬದಲಾಯಿಸೋಕೆ ಹೋಗಬೇಡಿ. ಸುಮ್ಮನೆ ಬರೆಯಿರಿ. ಪ್ರತಿ ಮಷೀನಿಗೆ ಒಂದು ನೂರು ಪೇಜಿನ ನೋಟ್‌ಬುಕ್, ದಾರ ಕಟ್ಟಿದ ಪೆನ್ನು. ನಾಲ್ಕೇ ಕಾಲಂ: ಓಡಿದ್ದು, ಸೆಟ್ಟಿಂಗ್, ಕಾದದ್ದು, ತಿರುಗಿ ಮಾಡಿದ್ದು. ಕಾಲು ಗಂಟೆಗೊಂದು ಗೆರೆ ಸಾಕು.

ನಮ್ಮ ಕಟಿಂಗ್ ಮಷೀನ್ ಬೆಳಗಿಂದ ಸಂಜೆವರೆಗೂ ಓಡ್ತಾನೇ ಇರತ್ತೆ ಅಂತ ಎಲ್ಲರೂ ನಂಬಿದ್ರು. ಬರೆದು ನೋಡಿದಾಗ ಬ್ಲೇಡ್ ನಿಜವಾಗಿ ಕಾಗದ ಕತ್ತರಿಸಿದ ಹೊತ್ತು ದಿನದ ಮೂರನೇ ಒಂದು ಭಾಗದಷ್ಟು. ಉಳಿದದ್ದೆಲ್ಲ ಅಳತೆ ಬದಲಿಸೋದು, ಥಪ್ಪಿ ಹುಡುಕೋದು, 'ಸೈಜ್ ಎಷ್ಟು?' ಅಂತ ಫೋನ್ ಮಾಡಿ ಉತ್ತರಕ್ಕೆ ಕಾಯೋದು, ಕಾಗದ ಹೊತ್ತು ತರೋದು.

ಇಲ್ಲಿ ಐಟಿಯವರಿಗೆ ಒಂದು ಹಳೇ ಪಾಠ ನೆನಪಾಗಬೇಕು. 1967ರಲ್ಲಿ ಜೀನ್ ಆಮ್ಡಾಲ್ ಹೇಳಿದ್ದು: ಒಟ್ಟು ಕೆಲಸದ ಒಂದು ಭಾಗವನ್ನು ಮಾತ್ರ ನೀವು ಎಷ್ಟೇ ಜೋರು ಮಾಡಿದ್ರೂ, ಉಳಿದ ಭಾಗ ಹಾಗೇ ನಿಂತಿರತ್ತೆ. ಲೆಕ್ಕ ಹಾಕಿ ನೋಡಿ. ದಿನಕ್ಕೆ 9 ಗಂಟೆ ಕೆಲಸ. ಅದರಲ್ಲಿ ಬ್ಲೇಡ್ ಓಡೋದು 3 ಗಂಟೆ. ಎರಡು ಪಟ್ಟು ವೇಗದ ಮಷೀನ್ ತಂದ್ರೆ ಆ 3 ಗಂಟೆ ಒಂದೂವರೆ ಆಗತ್ತೆ. ಉಳಿದ 6 ಗಂಟೆ ಆರೇ. ಮನೆ ಪತ್ರ ಅಡ ಇಟ್ಟು ತಂದದ್ದು ದಿನಕ್ಕೆ ಒಂದೂವರೆ ಗಂಟೆ. ಅದೇ ಆ 6 ಗಂಟೆಯಲ್ಲಿ 2 ಗಂಟೆ ಉಳಿಸಿದ್ರೆ ಮಷೀನಿಗಿಂತ ಹೆಚ್ಚು ಲಾಭ, ಅದಕ್ಕೆ ಕಂತೂ ಇಲ್ಲ.

ಇದು ಈಗ ಯಾಕೆ ಇಷ್ಟು ಮುಖ್ಯ ಆಗಿದೆ ಅಂದ್ರೆ, ಕೆಲಸದ ಸ್ವರೂಪವೇ ಬದಲಾಗಿದೆ. ಮೊದಲು ಒಂದೇ ಪುಸ್ತಕದ ಸಾವಿರಾರು ಪ್ರತಿ ಒಟ್ಟಿಗೆ ಬರ್ತಿತ್ತು. ಒಮ್ಮೆ ಅಳತೆ ಹೊಂದಿಸಿದ್ರೆ ಎರಡು ದಿನ ಅದೇ ಓಡ್ತಿತ್ತು. ಈಗ ಡಿಜಿಟಲ್ ಪ್ರಿಂಟಿಂಗ್ ಬಂದಮೇಲೆ 50 ಪ್ರತಿ, 200 ಪ್ರತಿ, 300 ಪ್ರತಿ. ದಿನಕ್ಕೆ ಹತ್ತು ಬೇರೆ ಬೇರೆ ಜಾಬ್. ಕತ್ತರಿಸೋ ಹೊತ್ತು ಕಡಿಮೆ ಆಯ್ತು, ಹೊಂದಿಸೋ ಹೊತ್ತು ಹೆಚ್ಚಾಯ್ತು. ವೇಗದ ಮಷೀನ್ ಹಳೇ ಕಾಲದ ಸಮಸ್ಯೆಗೆ ಉತ್ತರ, ಈಗಿನದಕ್ಕಲ್ಲ.

2. ಜಾಬ್ ಕಾರ್ಡ್ ಇಲ್ಲದ ಕಾಗದ ಒಳಗೆ ಬರಬಾರದು

ಎರಡನೇ ವಾರದ ಹೊತ್ತಿಗೆ ನಮ್ಮ 'ಕಾದದ್ದು' ಕಾಲಂ ತುಂಬಿ ಹೋಗಿತ್ತು. ಮುಖ್ಯ ಕಾರಣ ಮಷೀನ್ ಅಲ್ಲ, ಮಾಹಿತಿ. ಪ್ರೆಸ್‌ನಿಂದ ಟೆಂಪೋದಲ್ಲಿ ಕಾಗದ ಬಂದು ಇಳೀತಿತ್ತು. ಏನು ಮಾಡಬೇಕು ಅನ್ನೋದು ಮಾತ್ರ ಕಾಕಾನ ತಲೆಯಲ್ಲಿ, ಇಲ್ಲವೇ ಅವರ ವಾಟ್ಸಾಪ್‌ನಲ್ಲಿ. ಅವರು ಬ್ಯಾಂಕಿಗೆ ಹೋದ್ರೆ ಅಂಗಡಿ ನಿಂತುಬಿಡ್ತಿತ್ತು.

ಈಗ ಪ್ರತಿ ಥಪ್ಪಿಯ ಮೇಲೆ ಒಂದು ಕಾರ್ಡ್. ಅದರಲ್ಲಿ ಇರಬೇಕಾದ್ದು: ಜಾಬ್ ನಂಬರ್, ಎಷ್ಟು ಶೀಟ್ ಬಂದಿದೆ, ಎಷ್ಟು ಪ್ರತಿ ಕೊಡಬೇಕು, ಮುಗಿದಮೇಲಿನ ಅಳತೆ ಮಿಲಿಮೀಟರ್‌ನಲ್ಲಿ, ಯಾವ ಕೆಲಸ ಆದಮೇಲೆ ಯಾವ ಕೆಲಸ, ಕೊಡಬೇಕಾದ ದಿನ. ಡೆಮಿ 1/8, ಕ್ರೌನ್ 1/8 ಅಂತ ಹೆಸರು ಮಾತ್ರ ಬರೆದು ಬಿಡಬೇಡಿ. ಒಂದೇ ಹೆಸರಿಗೆ ಒಂದೊಂದು ಪ್ರೆಸ್ ಒಂದೊಂದು ಟ್ರಿಮ್ ಅಳತೆ ಇಟ್ಟುಕೊಂಡಿರತ್ತೆ.

ನಮ್ಮ ಅಂಗಡಿಯಲ್ಲಿ ಒಬ್ಬರು ಕಲಬುರಗಿ, ಇಬ್ಬರು ಸೊಲ್ಲಾಪುರ, ಒಬ್ಬರು ಬಿಹಾರ, ಉಳಿದವರು ಪುಣೆಯವರೇ. ಎಲ್ಲರೂ ಓದೋ ಭಾಷೆ ಒಂದೇ ಅಲ್ಲ. ಅದಕ್ಕೇ ಕಾರ್ಡಿನಲ್ಲಿ ಮಾತು ಕಡಿಮೆ, ಅಂಕಿ ಮತ್ತು ಚಿತ್ರ ಹೆಚ್ಚು. ಮಡಿಕೆಗೆ ಚುಕ್ಕೆ ಗೆರೆ, ಕತ್ತರಿಸೋದಕ್ಕೆ ಕತ್ತರಿ ಚಿತ್ರ, ಪಿನ್ನಿಗೆ ಎರಡು ಅಡ್ಡಗೆರೆ.

ಕಾರ್ಡಿನ ಜೊತೆ ಒಂದು ಡಮ್ಮಿ. ಅದೇ ಕಾಗದದಲ್ಲಿ ಕೈಯಲ್ಲೇ ಮಡಿಸಿ, ಕತ್ತರಿಸಿ ಮಾಡಿದ ಒಂದು ಮಾದರಿ. ಅದರ ಫೋಟೋ ಗಿರಾಕಿಗೆ ಕಳಿಸಿ, 'ಓಕೆ' ಬಂದಮೇಲೆಯೇ ಉಳಿದದ್ದಕ್ಕೆ ಕೈ ಹಾಕಬೇಕು. ಹತ್ತು ನಿಮಿಷದ ಕೆಲಸ. ತಪ್ಪು ಇದ್ರೆ ಒಂದು ಪ್ರತಿಯಲ್ಲಿ ಸಿಗತ್ತೆ, ಸಾವಿರ ಪ್ರತಿಯಲ್ಲಿ ಅಲ್ಲ.

ಇಲ್ಲಿ ನಮ್ಮವರಿಗೆ ಒಂದು ಮಾತು. ನಮಗೆ ಮೊದಲು ಹೊಳೆಯೋದು 'ಒಂದು ಆಪ್ ಬರೀಲಾ?' ಅಂತ. ಬೇಡ. ಕೈಗೆ ಗಮ್ ಮೆತ್ತಿದವರು ಫೋನ್ ಮುಟ್ಟಲ್ಲ. ಗೋಡೆ ಮೇಲೆ ಒಂದು ಬಿಳಿ ಬೋರ್ಡ್, ಕಾರ್ಡ್ ಸಿಕ್ಕಿಸೋ ಕ್ಲಿಪ್ಪು. ಬಾಗಿಲಲ್ಲಿ ನಿಂತವರಿಗೂ ಯಾವ ಜಾಬ್ ಎಲ್ಲಿದೆ ಅಂತ ಕಾಣಬೇಕು, ಅಷ್ಟೇ.

3. ಪ್ರಿಂಟ್ ಆಗೋ ಮುಂಚೆ ಪ್ರೆಸ್‌ನವರ ಜೊತೆ ಮಾತಾಡಿ

ಫಿನಿಶಿಂಗ್ ಕೊನೆಯ ಕೆಲಸ. ಡಿಸೈನರ್ ಒಂದು ದಿನ ತಡ ಮಾಡಿರ್ತಾನೆ, ಪ್ರೆಸ್ ಎರಡು ದಿನ ತಡ ಮಾಡಿರತ್ತೆ. ಕೊಡಬೇಕಾದ ದಿನ ಮಾತ್ರ ಬದಲಾಗಲ್ಲ. ಎಲ್ಲರ ತಡ ಬಂದು ಬೀಳೋದು ಬೈಂಡರ್ ತಲೆ ಮೇಲೆ. ನಮ್ಮ ರಿಲೀಸ್ ದಿನ ಟೆಸ್ಟಿಂಗ್ ಟೀಮಿನ ಪಾಡು ಹೇಗಿರತ್ತೋ ಹಾಗೆ. ಇನ್ನೂ ಒಂದು ಕಷ್ಟ ಇದೆ. ಇಲ್ಲಿ ಕೆಟ್ಟ ಪ್ರತಿ ಅಂದ್ರೆ ಕಾಗದ, ಇಂಕು, ಪ್ರಿಂಟಿಂಗ್, ಲ್ಯಾಮಿನೇಷನ್ ಎಲ್ಲದರ ಖರ್ಚೂ ಸೇರಿಕೊಂಡ ಪ್ರತಿ. ಬೈಂಡಿಂಗ್ ಕೂಲಿ ಕೆಲವೇ ರೂಪಾಯಿ, ನಷ್ಟ ಪೂರ್ತಿ ಪುಸ್ತಕದ್ದು.

ಅದಕ್ಕೇ ಪ್ಲೇಟ್ ಮಾಡೋ ಮುಂಚೆಯೇ ಕೇಳಬೇಕಾದ ಕೆಲವು ಪ್ರಶ್ನೆ ಇವೆ. ಒಂದು ಹಾಳೆಯಲ್ಲಿ ಪ್ರಿಂಟ್ ಮಾಡಿ ಪ್ರೆಸ್‌ಗಳಿಗೆ ಕೊಟ್ಟುಬಿಡಿ.

ಮೊದಲನೆಯದು ಗ್ರೇನ್. ಕಾಗದದ ನಾರು ಒಂದು ದಿಕ್ಕಿಗೆ ಓಡಿರತ್ತೆ. ಪುಸ್ತಕದಲ್ಲಿ ಆ ದಿಕ್ಕು ಬೆನ್ನಿಗೆ ಸಮಾನಾಂತರವಾಗಿರಬೇಕು. ಅಡ್ಡ ಬಂದ್ರೆ ಪುಟ ಬಗ್ಗಲ್ಲ, ಪುಸ್ತಕ ತೆರೆದರೆ ತಾನೇ ಮುಚ್ಚಿಕೊಳ್ಳತ್ತೆ, ಬೆನ್ನಿನ ಹತ್ತಿರ ಅಲೆ ಅಲೆ ಏಳತ್ತೆ. ಪರೀಕ್ಷೆ ಸುಲಭ. ಶೀಟನ್ನು ಉದ್ದಕ್ಕೊಮ್ಮೆ, ಅಗಲಕ್ಕೊಮ್ಮೆ ಮಡಿಸದೆ ಬರೀ ಬಗ್ಗಿಸಿ ನೋಡಿ. ಯಾವ ಕಡೆ ಸಲೀಸಾಗಿ ಬಗ್ಗತ್ತೋ, ಆ ಬಾಗಿನ ಗೆರೆಯ ದಿಕ್ಕೇ ಗ್ರೇನ್.

ಎರಡನೆಯದು ಬ್ಲೀಡ್. ಅಂಚಿನವರೆಗೂ ಬಣ್ಣ ಇದ್ರೆ ಅಳತೆಗಿಂತ 3 ಮಿಲಿಮೀಟರ್ ಹೊರಗೂ ಬಣ್ಣ ಇರಬೇಕು. ಇಲ್ಲದಿದ್ರೆ ಕತ್ತರಿಸಿದಾಗ ಅಂಚಿನಲ್ಲಿ ಬಿಳಿ ಎಳೆ ಕಾಣತ್ತೆ, ಬೈಯ್ಯೋದು ಕಟಿಂಗ್ ಮಾಡಿದವರಿಗೆ.

ಮೂರನೆಯದು ಬೆನ್ನಿನ ದಪ್ಪ. ಕವರ್ ಡಿಸೈನ್ ಮಾಡೋರು ಅಂದಾಜಿನಲ್ಲಿ ಹಾಕಿಬಿಡ್ತಾರೆ. ಲೆಕ್ಕ ಇಷ್ಟೇ: 240 ಪುಟ ಅಂದ್ರೆ 120 ಹಾಳೆ. ಒಂದು ಹಾಳೆ 0.1 ಮಿಲಿಮೀಟರ್ ದಪ್ಪ ಇದ್ರೆ ಬೆನ್ನು 12 ಮಿಲಿಮೀಟರ್. ಆದ್ರೆ ಒಂದೇ ಜಿಎಸ್‌ಎಂನ ಎರಡು ಕಾಗದದ ದಪ್ಪ ಒಂದೇ ಇರಲ್ಲ. ಡಮ್ಮಿ ಮಾಡಿ ಅಳೆದು ಹೇಳೋದೇ ಸರಿ.

ನಾಲ್ಕನೆಯದು ಕೊಲೇಟಿಂಗ್ ಮಾರ್ಕ್. ಪ್ರತಿ ಫಾರ್ಮಿನ ಬೆನ್ನಿನ ಮಡಿಕೆ ಮೇಲೆ ಒಂದು ಸಣ್ಣ ಕಪ್ಪು ಪಟ್ಟಿ, ಒಂದೊಂದು ಫಾರ್ಮಿಗೂ ಸ್ವಲ್ಪ ಸ್ವಲ್ಪ ಕೆಳಗೆ. ಫಾರ್ಮ್‌ಗಳನ್ನು ಜೋಡಿಸಿ ಬೆನ್ನು ನೋಡಿದ್ರೆ ಮೆಟ್ಟಿಲಿನ ಹಾಗೆ ಕಾಣತ್ತೆ. ಒಂದು ಫಾರ್ಮ್ ಬಿಟ್ಟುಹೋದ್ರೆ ಒಂದು ಮೆಟ್ಟಿಲು ಮಾಯ, ಎರಡು ಸಲ ಬಂದಿದ್ರೆ ಜೋಡಿ ಮೆಟ್ಟಿಲು. ಪುಟ ತಿರುಗಿಸಿ ನೋಡೋದೇ ಬೇಡ. ಖರ್ಚು ಸೊನ್ನೆ. ಕೇಳದಿದ್ರೆ ಮಾತ್ರ ಎಷ್ಟೋ ಪ್ರೆಸ್‌ನವರು ಹಾಕಲ್ಲ.

4. ಮಷೀನ್ ನಿಂತಾಗ ಮಾಡಬೇಕಾದ್ದು ಕಡಿಮೆ ಮಾಡಿ

ಜಪಾನಿನ ಶಿಗಿಯೋ ಶಿಂಗೋ ಹೆಸರು ಕೆಲವರು ಕೇಳಿರ್ತೀರಿ. ಕಾರ್ಖಾನೆಯಲ್ಲಿ ಡೈ ಬದಲಿಸೋ ಹೊತ್ತನ್ನು ಗಂಟೆಗಳಿಂದ ನಿಮಿಷಕ್ಕೆ ಇಳಿಸಿದವರು. ಅವರ ಮುಖ್ಯ ಮಾತು ಒಂದೇ: ಹೊಂದಿಸೋ ಕೆಲಸದಲ್ಲಿ ಎರಡು ಬಗೆ. ಮಷೀನ್ ನಿಂತಾಗ ಮಾತ್ರ ಮಾಡೋಕೆ ಆಗೋದು ಒಂದು, ಮಷೀನ್ ಓಡ್ತಿರುವಾಗಲೇ ಮಾಡಬಹುದಾದ್ದು ಇನ್ನೊಂದು. ಎರಡನ್ನೂ ಬೇರೆ ಮಾಡಿ.

ನಮ್ಮ ಅಂಗಡಿಯಲ್ಲಿ ಕಟಿಂಗ್ ಮಾಡೋ ಹಿರಿಯರನ್ನ ಎಲ್ಲರೂ ಮಾಮಾ ಅಂತಾರೆ. ಅವರೇ ಮಷೀನ್ ನಿಲ್ಲಿಸಿ ಮುಂದಿನ ಥಪ್ಪಿ ಹುಡುಕಿ, ಹೊತ್ತು ತಂದು, ಬಡಿದು ಸಮ ಮಾಡಿ, ಆಮೇಲೆ ಅಳತೆ ಕೇಳ್ತಿದ್ರು. ಇಡೀ ಅಂಗಡಿಯಲ್ಲಿ ಅವರಷ್ಟು ಚೆನ್ನಾಗಿ ಕತ್ತರಿಸೋರು ಇನ್ನೊಬ್ಬರಿಲ್ಲ, ಅವರ ಅರ್ಧ ದಿನ ಹಮಾಲಿಯಲ್ಲಿ ಹೋಗ್ತಿತ್ತು. ಈಗ ಒಬ್ಬ ಹುಡುಗ ಮುಂದಿನ ಎರಡು ಜಾಬ್ ತಂದು, ಗಾಳಿ ಬಿಡಿಸಿ, ಬಡಿದು, ಕಾರ್ಡ್ ಮೇಲಿಟ್ಟು ಮಷೀನ್ ಎಡಕ್ಕೆ ಇಟ್ಟಿರ್ತಾನೆ. ಮುಗಿದದ್ದು ಬಲಕ್ಕೆ. ಥಪ್ಪಿ ಸಾಗಿಸೋಕೆ ಒಂದು ಕೈಗಾಡಿ ತಂದ್ವಿ.

ಇನ್ನೊಂದು, ಒಂದೇ ಅಳತೆಯ ಜಾಬ್‌ಗಳನ್ನು ಒಟ್ಟಿಗೆ ಮಾಡಿ. ಬೆಳಗ್ಗೆ ಡೆಮಿ, ಮಧ್ಯಾಹ್ನ ಕ್ರೌನ್, ಸಂಜೆ ಬಿಲ್ ಬುಕ್ಕು, ವಿಸಿಟಿಂಗ್ ಕಾರ್ಡು. ಬಂದ ಕ್ರಮದಲ್ಲೇ ಮಾಡಿದ್ರೆ ದಿನಕ್ಕೆ ಹತ್ತು ಸಲ ಹೊಂದಿಸಬೇಕು, ಗುಂಪು ಮಾಡಿದ್ರೆ ನಾಲ್ಕು ಸಲ. ಪರ್ಫೆಕ್ಟ್ ಬೈಂಡಿಂಗ್ ಮಷೀನಿನ ಗಮ್ ಕರಗೋಕೆ ಹೊತ್ತು ಬೇಕು. ಬೆಳಗ್ಗೆ ಬೀಗ ತೆಗೆದವರು ಮೊದಲು ಅದರ ಸ್ವಿಚ್ ಹಾಕಬೇಕು, ಕಸ ಗುಡಿಸೋದು, ಚಹಾ ಕುಡಿಯೋದು ಆಮೇಲೆ. ಗಮ್ ಕರಗೋ ಹೊತ್ತಿಗೆ ಫಾರ್ಮ್ ಜೋಡಣೆ ಆಗಿರತ್ತೆ.

5. ಒಳಗೆ ಬಿಡೋದನ್ನು ಕಡಿಮೆ ಮಾಡಿ, ಹೊರಗೆ ಹೋಗೋದು ಜಾಸ್ತಿ ಆಗತ್ತೆ

ಇದನ್ನು ಒಪ್ಪಿಸೋದೇ ನನಗೆ ಕಷ್ಟ ಆಗಿದ್ದು. ಅಂಗಡಿ ತುಂಬ ಥಪ್ಪಿ ಇದ್ರೆ ದಂಧೆ ಜೋರಾಗಿದೆ ಅಂತ ಕಾಕಾನ ಲೆಕ್ಕ. ಆದ್ರೆ ಕ್ಯೂ ಲೆಕ್ಕದಲ್ಲಿ ಲಿಟಲ್‌ನ ನಿಯಮ ಅಂತ ಒಂದಿದೆ. ಅಂಗಡಿಯಲ್ಲಿ ಇರೋ ಜಾಬ್‌ಗಳ ಸಂಖ್ಯೆಯನ್ನು ದಿನಕ್ಕೆ ಮುಗಿಯೋ ಜಾಬ್‌ಗಳಿಂದ ಭಾಗಿಸಿದ್ರೆ, ಒಂದು ಜಾಬ್ ಒಳಗೆ ಸರಾಸರಿ ಎಷ್ಟು ದಿನ ಇರತ್ತೆ ಅಂತ ಗೊತ್ತಾಗತ್ತೆ. 40 ಜಾಬ್ ಒಳಗಿವೆ, ದಿನಕ್ಕೆ 8 ಮುಗೀತವೆ ಅಂದ್ರೆ 5 ದಿನ. ಒಳಗೆ 24 ಮಾತ್ರ ಇಟ್ಟುಕೊಂಡು ಅಷ್ಟೇ ವೇಗದಲ್ಲಿ ಮಾಡಿದ್ರೆ 3 ದಿನ. ಮಷೀನೂ ಬದಲಾಗಿಲ್ಲ, ಜನರೂ ಬದಲಾಗಿಲ್ಲ.

'ಹಾಗಾದ್ರೆ ಬಂದ ಕೆಲಸ ಬೇಡ ಅನ್ನೋದಾ?' ಅಂತ ಕಾಕಾ ಕೇಳಿದ್ರು. ಅಲ್ಲ. ಕೆಲಸ ಒಪ್ಪಿಕೊಳ್ಳಿ, ಆದ್ರೆ 'ನಿಮ್ಮ ಜಾಬ್ ಗುರುವಾರ ಶುರು, ಕಾಗದ ಬುಧವಾರ ಸಂಜೆ ಕಳಿಸಿ' ಅಂತ ಹೇಳಿ. ಕಾಗದ ಇಕ್ಕಟ್ಟಿನ ಅಂಗಡಿಯಲ್ಲಿ ನಾಲ್ಕು ದಿನ ಕೂತ್ರೆ ಧೂಳು, ತೇವ, ಮೂಲೆ ಮಡಚೋದು, ಎರಡು ಜಾಬ್ ಕಲೆಸಿ ಹೋಗೋದು, ಎಲ್ಲ ಶುರು. ಯಾವುದಾದ್ರೂ ಥಪ್ಪಿ ತೆಗೀಬೇಕಂದ್ರೆ ಅದರ ಮೇಲಿನ ಮೂರು ಥಪ್ಪಿ ಇಳಿಸಬೇಕು.

ಜೊತೆಗೆ ನಿಮ್ಮ ಅಂಗಡಿಯ ಇಕ್ಕಟ್ಟು ಎಲ್ಲಿದೆ ಅಂತ ಹುಡುಕಿ. ಎಲ್ಲಿ ಥಪ್ಪಿ ಯಾವಾಗಲೂ ಎತ್ತರ ಇರತ್ತೋ ಅಲ್ಲೇ. ನಮ್ಮಲ್ಲಿ ಅದು ಕಟಿಂಗ್, ಅದಕ್ಕೇ ಎಲ್ಲರ ಕಣ್ಣೂ ಕಟಿಂಗ್ ಮಷೀನ್ ಮೇಲೆ. ನೋಟ್‌ಬುಕ್ ತೆಗೆದು ನೋಡಿದ್ರೆ ಅಲ್ಲಿಗೆ ಬರ್ತಿದ್ದ ಕೆಲಸದಲ್ಲಿ ಸುಮಾರಷ್ಟು 'ತಿರುಗಿ ಮಾಡಿದ್ದು'. ಇಕ್ಕಟ್ಟಿನ ಮಷೀನಿಗೆ ಕೆಟ್ಟ ಕಾಗದ ಹೋಗಲೇಬಾರದು. ಪರೀಕ್ಷೆ ಅದರ ಮುಂಚೆ ಆಗಬೇಕು, ಆಮೇಲೆ ಅಲ್ಲ.

6. ಕಾಗದಕ್ಕೂ ಗಮ್ಮಿಗೂ ಅದರದರ ಹೊತ್ತು ಕೊಡಿ

ಎಲ್ಲ ಹೊತ್ತನ್ನೂ ಉಳಿಸೋಕೆ ಆಗಲ್ಲ. ಕೆಲವು ಕಾಯೋದು ಬೇಕೇ ಬೇಕು. ಇಂಕು ಪೂರ್ತಿ ಒಣಗದೆ ಲ್ಯಾಮಿನೇಷನ್ ಮಾಡಿದ್ರೆ ಫಿಲ್ಮ್ ಹಿಡಿಯಲ್ಲ, ಗುಳ್ಳೆ ಏಳತ್ತೆ. ಪ್ರೆಸ್‌ನಲ್ಲಿ ಪೌಡರ್ ಜಾಸ್ತಿ ಹೊಡೆದಿದ್ರೆ ಗಾಢ ಬಣ್ಣದ ಮೇಲೆ ಬೆಳ್ಳಿ ಪುಡಿ ಉದುರಿಸಿದ ಹಾಗೆ ಕಾಣತ್ತೆ. ಒಂದು ಒಣ ಬಟ್ಟೆಯಲ್ಲಿ ಒರೆಸಿ ನೋಡಿ, ಬಣ್ಣವೋ ಪುಡಿಯೋ ಬಂದ್ರೆ ನಿಲ್ಲಿಸಿ. ಡಿಜಿಟಲ್ ಪ್ರಿಂಟಿಗೆ ಮಾಮೂಲಿ ಫಿಲ್ಮ್ ಎಷ್ಟೋ ಸಲ ಅಂಟಲ್ಲ, ಅದಕ್ಕೇ ಅಂತ ಜಾಸ್ತಿ ಅಂಟಿನ ಫಿಲ್ಮ್ ಸಿಗತ್ತೆ.

ದಪ್ಪ ಕಾಗದ, ಅಂದ್ರೆ ಸುಮಾರು 170 ಜಿಎಸ್‌ಎಂ ದಾಟಿದ್ದನ್ನು, ಕ್ರೀಸ್ ಹಾಕದೆ ಮಡಿಸಬಾರದು. ಮಡಿಕೆ ಮೇಲೆ ಬಣ್ಣ ಒಡೆದು ಬಿಳಿ ಗೆರೆ ಬರತ್ತೆ. ಕ್ರೀಸ್ ಹಾಕಿದಾಗ ಒಂದು ಕಡೆ ಸಣ್ಣ ಉಬ್ಬು ಏಳತ್ತೆ. ಆ ಉಬ್ಬು ಮಡಿಕೆಯ ಒಳಗೆ ಬರಬೇಕು. ತುಂಬಾ ಜನ ಇದನ್ನು ಉಲ್ಟಾ ಮಾಡ್ತಾರೆ. ನೋಡೋಕೆ ಅದೇ ಸರಿ ಅನ್ನಿಸತ್ತೆ, ಆದ್ರೆ ಮಡಿಕೆ ಒಡೆಯತ್ತೆ.

ಬೈಂಡಿಂಗ್ ಗಮ್ಮಿನಲ್ಲಿ ಎರಡು ಬಗೆ ಮುಖ್ಯ. ಮಾಮೂಲಿ ಹಾಟ್ ಮೆಲ್ಟ್, ಅಂದ್ರೆ ಇವಿಎ, ಕೆಲವೇ ಸೆಕೆಂಡಿನಲ್ಲಿ ಗಟ್ಟಿಯಾಗತ್ತೆ. ಪಿಯುಆರ್ ಅನ್ನೋದು ಗಾಳಿಯ ತೇವ ಹೀರಿಕೊಂಡು ನಿಧಾನಕ್ಕೆ ಗಟ್ಟಿಯಾಗತ್ತೆ. ಅದು ಬಹಳ ಬಲ, ಆರ್ಟ್ ಪೇಪರಿಗೂ ಹಿಡಿಯತ್ತೆ, ಆದ್ರೆ ಪೂರ್ತಿ ಬಲ ಬರೋಕೆ ಸುಮಾರು ಒಂದು ದಿನ ಬೇಕು. ಸಂಜೆ ಬೈಂಡ್ ಮಾಡಿ ರಾತ್ರಿಯೇ ಪುಟ ಎಳೆದು ನೋಡಿದ್ರೆ ಬಿಟ್ಟುಕೊಳ್ಳತ್ತೆ. ಯಾವ ಗಮ್ಮೇ ಆಗಲಿ, ಡಬ್ಬಿ ಮೇಲೆ ಬರೆದ ಶಾಖವನ್ನೇ ಇಡಿ. ಬೇಗ ಕರಗಲಿ ಅಂತ ಜಾಸ್ತಿ ಮಾಡಿದ್ರೆ ಗಮ್ ಕಪ್ಪಾಗಿ ಬಲ ಕಳೆದುಕೊಳ್ಳತ್ತೆ. ಆ ಪುಸ್ತಕ ಅಂಗಡಿಯಲ್ಲಿ ಚೆನ್ನಾಗೇ ಕಾಣತ್ತೆ, ಓದುವವರ ಕೈಯಲ್ಲಿ ಪುಟ ಉದುರತ್ತೆ.

ಪುಣೆ ಮಳೆ ನಿಮಗೆ ಗೊತ್ತು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಾಗದ ತೇವ ಹೀರಿ ಅಂಚು ಅಲೆಯಾಗತ್ತೆ. ಒಂದೇ ಕಡೆ ಲ್ಯಾಮಿನೇಷನ್ ಆದ ಕವರ್ ಸುರುಳಿ ಸುತ್ತಿಕೊಳ್ಳತ್ತೆ. ಫಿಲ್ಮ್ ಇರೋ ಕಡೆ ತೇವ ಹೋಗಲ್ಲ, ಇಲ್ಲದ ಕಡೆ ಹೋಗಿ ಕಾಗದ ಹಿಗ್ಗತ್ತೆ, ಅದಕ್ಕೆ. ಥಪ್ಪಿ ನೆಲಕ್ಕೆ ತಾಗದ ಹಾಗೆ ಹಲಗೆ ಮೇಲಿಡಿ, ಪ್ಲಾಸ್ಟಿಕ್ ಹೊದಿಸಿ, ಕತ್ತರಿಸೋ ಹೊತ್ತಿಗೇ ತೆಗೆಯಿರಿ.

7. ಎಣಿಕೆ ಮತ್ತು ಹಾಳಾಗೋ ಲೆಕ್ಕ

ಪ್ರತಿ ಹಂತದಲ್ಲೂ ಒಂದಷ್ಟು ಹಾಳಾಗತ್ತೆ. ಅದು ಯಾರ ತಪ್ಪೂ ಅಲ್ಲ, ಹೊಂದಿಸೋಕೇ ಕಾಗದ ಬೇಕು. ಒಂದೊಂದು ಹಂತದಲ್ಲಿ ನೂರಕ್ಕೆ 2 ಹೋಗತ್ತೆ ಅಂತಿಟ್ಟುಕೊಳ್ಳಿ, ನಾಲ್ಕು ಹಂತ ಇವೆ. 1,000 ಪ್ರತಿ ಕೊಡಬೇಕಂದ್ರೆ ಶುರುವಿಗೆ ಸುಮಾರು 1,085 ಪ್ರತಿಯ ಕಾಗದ ಬೇಕು. ಪ್ರೆಸ್‌ನವರು 1,020 ಕಳಿಸಿ '1,000 ಕೊಡಿ' ಅಂದ್ರೆ ಕೊನೆಗೆ 940 ಆಗತ್ತೆ, ಜಗಳ ಶುರು ಆಗತ್ತೆ. ಅದಕ್ಕೇ ಕಾಗದ ಬಂದ ದಿನವೇ ಎಣಿಸಿ, ಕಾರ್ಡಿನಲ್ಲಿ ಬರೆದು, ಫೋಟೋ ಕಳಿಸಿ. ಕಡಿಮೆ ಬಿದ್ದರೆ ಪ್ರೆಸ್‌ನಲ್ಲಿ ಪ್ಲೇಟ್ ಇನ್ನೂ ಇರುವಾಗಲೇ ಗೊತ್ತಾಗಬೇಕು.

ನಿಮ್ಮ ಅಂಗಡಿಯ ನಿಜವಾದ ಹಾಳಿನ ಲೆಕ್ಕ ಮೂರು ತಿಂಗಳ ಕಾರ್ಡಿನಿಂದ ಬರತ್ತೆ. ಬೇರೆಯವರ ಅಂಕಿ ಇಟ್ಟುಕೊಂಡು ದರ ಹೇಳಬೇಡಿ.

8. ಬ್ಲೇಡ್ ಮತ್ತು ಬೆರಳು

ಮೊಂಡಾದ ಬ್ಲೇಡ್ ತಾನೇ ಹೇಳತ್ತೆ. ಅಂಚು ಒರಟಾಗತ್ತೆ, ಸದ್ದು ಬದಲಾಗತ್ತೆ, ಥಪ್ಪಿಯ ಮೇಲಿನ ಹಾಳೆಗೂ ಕೆಳಗಿನ ಹಾಳೆಗೂ ಅಳತೆ ವ್ಯತ್ಯಾಸ ಬರತ್ತೆ. ಆಗ ಜನ ಏನು ಮಾಡ್ತಾರೆ ಅಂದ್ರೆ, ಒಮ್ಮೆಗೆ ಕಡಿಮೆ ಹಾಳೆ ಇಟ್ಟು ಹೆಚ್ಚು ಸಲ ಕತ್ತರಿಸ್ತಾರೆ. ಸಾಣೆ ದುಡ್ಡು ಉಳಿಯತ್ತೆ, ದಿನ ಹೋಗತ್ತೆ. ಮೂರು ಬ್ಲೇಡ್ ಇಟ್ಟುಕೊಳ್ಳಿ: ಮಷೀನ್‌ನಲ್ಲಿ ಒಂದು, ಸಾಣೆ ಆಗಿ ರೆಡಿ ಒಂದು, ಸಾಣೆಗೆ ಹೋದದ್ದು ಒಂದು. ಬ್ಲೇಡ್ ಬಂದು ಕೂರೋ ಪ್ಲಾಸ್ಟಿಕ್ ಸ್ಟಿಕ್ ಚೌಕದ್ದಾದ್ರೆ ನಾಲ್ಕು ಮುಖ, ತಿರುಗಿಸಿ ಹಾಕಿದ್ರೆ ಎಂಟು ಸಲ ಬಳಸಬಹುದು. ತಿರುಗಿಸಿದ ತಾರೀಕು ಬರೆದಿಡಿ.

ಈಗ ಬೆರಳಿನ ಮಾತು. ಕಟಿಂಗ್ ಮಷೀನಿಗೆ ಎರಡು ಬಟನ್ ಇರೋದು, ಬ್ಲೇಡ್ ಇಳಿಯುವಾಗ ಎರಡೂ ಕೈ ಹೊರಗಿರಲಿ ಅಂತ. ಒಂದು ಬಟನ್ನಿಗೆ ಟೇಪ್ ಸುತ್ತಿ, ಒಂದೇ ಕೈಯಲ್ಲಿ ಓಡಿಸಿದ್ರೆ ಜೋರಾಗತ್ತೆ ಅನ್ನೋರಿದ್ದಾರೆ. ಮುಂದಿನ ಬೆಳಕಿನ ಕಣ್ಣು ಕೆಟ್ಟರೆ ವೈರ್ ಜೋಡಿಸಿ ಬಿಡೋರಿದ್ದಾರೆ. ಇದು ನಡೆಯೋದು ರಾತ್ರಿ ಹನ್ನೊಂದಕ್ಕೆ, ಡೈರಿ ಸೀಸನ್‌ನಲ್ಲಿ, ಬೆಳಗ್ಗೆ ಮಾಲು ಕೊಡಬೇಕಾದಾಗ. ಸುಸ್ತು, ಅವಸರ ಎರಡೂ ಸೇರಿದ ಹೊತ್ತು ಅದು. ಪುಣೆಯ ಪೇಟೆಯಲ್ಲೂ ಗದಗಿನಲ್ಲೂ ಒಂದೋ ಎರಡೋ ಬೆರಳಿಲ್ಲದ ಹಳೇ ಬೈಂಡರ್‌ಗಳನ್ನು ನಾನು ನೋಡಿದ್ದೀನಿ. ಅವರೇನೂ ಕೆಲಸ ಬಾರದವರಲ್ಲ.

ಆದ್ದರಿಂದ ನಮ್ಮ ಅಂಗಡಿಯಲ್ಲಿ ಈಗ ಮೂರು ನಿಯಮ. ಬಟನ್, ಸೆನ್ಸರ್ ಕೆಟ್ಟರೆ ಮಷೀನ್ ಬಂದ್, ಯಾರ ಜಾಬ್ ಇದ್ರೂ. ಬಿಚ್ಚಿದ ಬ್ಲೇಡ್ ಮರದ ಕವಚದಲ್ಲೇ ಸಾಗಬೇಕು, ಬರಿಗೈಯಲ್ಲಿ ಅಲ್ಲ. ರಾತ್ರಿ ಒಂಬತ್ತರ ಮೇಲೆ ಕಟಿಂಗ್ ಇಲ್ಲ, ಬೇಕಾದ್ರೆ ಬೆಳಗ್ಗೆ ಆರಕ್ಕೆ ಶುರು. ಮೇಲೆ ಹೇಳಿದ ಏಳೂ ವಿಷಯ ಇದಕ್ಕೂ ಸೇರತ್ತೆ. ಹಗಲು ಹೊತ್ತು ವ್ಯರ್ಥ ಆಗದಿದ್ರೆ ರಾತ್ರಿ ಕತ್ತರಿಸೋ ಪ್ರಸಂಗವೇ ಬರಲ್ಲ.

ದುಡ್ಡಿನ ಮಾತು

ದರ ಹೇಳುವಾಗ 'ಸಾವಿರಕ್ಕೆ ಇಷ್ಟು' ಅನ್ನೋ ಹಳೇ ಪದ್ಧತಿಯಲ್ಲೇ ಹೋದ್ರೆ ಸಣ್ಣ ಜಾಬ್‌ಗಳಲ್ಲಿ ನಷ್ಟ ಖಂಡಿತ. 100 ಪ್ರತಿಗೂ ಹೊಂದಿಸೋ ಹೊತ್ತು ಅಷ್ಟೇ, 5,000ಕ್ಕೂ ಅಷ್ಟೇ. ದರವನ್ನು ಎರಡು ಭಾಗ ಮಾಡಿ: ಹೊಂದಿಸೋಕೆ ಇಷ್ಟು, ಆಮೇಲೆ ಪ್ರತಿಗೆ ಇಷ್ಟು. ಕೆಲವು ಗಿರಾಕಿ ಮುಖ ಸಿಂಡರಿಸ್ತಾರೆ. ಆದ್ರೆ ಕಾರ್ಡ್ ತೋರಿಸಿ ಹೇಳಿದ್ರೆ ಹೆಚ್ಚಿನವರು ಒಪ್ಪಿಕೊಳ್ತಾರೆ.

ಬಾಕಿ ವಸೂಲಿ ಬಗ್ಗೆ ಒಂದೇ ಮಾತು. ಉದ್ಯಮ್ ನೋಂದಣಿ ಮಾಡಿಸಿ. 2006ರ ಎಂಎಸ್‌ಎಂಇ ಕಾಯ್ದೆ ಪ್ರಕಾರ ಸಣ್ಣ ಉದ್ದಿಮೆಯವರಿಗೆ ಕೊಡಬೇಕಾದ ಹಣಕ್ಕೆ, ಮೊದಲೇ ಒಪ್ಪಂದ ಇದ್ರೂ, 45 ದಿನಕ್ಕಿಂತ ಹೆಚ್ಚು ಗಡುವು ಇಡುವಂತಿಲ್ಲ. ಕೋರ್ಟಿಗೆ ಹೋಗೋದು ಆಮೇಲಿನ ಮಾತು. ಬಿಲ್ಲಿನ ಕೆಳಗೆ ಆ ನೋಂದಣಿ ನಂಬರ್ ಇದ್ರೆ ದೊಡ್ಡ ಗಿರಾಕಿಗಳ ಲೆಕ್ಕದ ವಿಭಾಗ ತಾನಾಗಿ ಗಮನ ಕೊಡತ್ತೆ.

ಹಾಗಾದ್ರೆ ಮಷೀನ್ ಯಾವಾಗ ಕೊಳ್ಳಬೇಕು?

ನಾನು ಮಷೀನ್ ವಿರೋಧಿ ಅಲ್ಲ. ಇಷ್ಟೆಲ್ಲ ಮಾಡಿದಮೇಲೂ ನೋಟ್‌ಬುಕ್‌ನಲ್ಲಿ 'ಓಡಿದ್ದು' ಕಾಲಂ ದಿನದ ಬಹುಪಾಲು ತುಂಬಿದ್ದು, ಆ ಮಷೀನಿನ ಮುಂದೆಯೇ ಇನ್ನೂ ಥಪ್ಪಿ ನಿಂತಿದ್ರೆ, ಅದೂ ಸೀಸನ್‌ನಲ್ಲಿ ಮಾತ್ರವಲ್ಲ, ವರ್ಷದ ಹೆಚ್ಚಿನ ತಿಂಗಳಲ್ಲಿ, ಆಗ ಕೊಳ್ಳಿ. ಧೈರ್ಯವಾಗಿ ಸಹಿ ಹಾಕಿ. ಬ್ಯಾಂಕಿಗೆ ತೋರಿಸೋಕೂ ಆ ನೋಟ್‌ಬುಕ್ಕೇ ಸಾಕ್ಷಿ.

ನಮ್ಮ ಕಾಕಾ ದೊಡ್ಡ ಕಟಿಂಗ್ ಮಷೀನ್ ತಗೊಳ್ಳಲಿಲ್ಲ. ಎರಡು ಬ್ಲೇಡ್, ಒಂದು ಕೈಗಾಡಿ, ಒಂದು ಸಣ್ಣ ಕ್ರೀಸಿಂಗ್ ಮಷೀನ್ ತಗೊಂಡ್ರು, ಸಾಲ ಇಲ್ಲದೆ. ಕಷ್ಟ ಎಲ್ಲ ಮುಗೀತು ಅಂತ ಹೇಳಲ್ಲ. ಈಗಲೂ ಕೊನೇ ಗಳಿಗೆಯಲ್ಲಿ ಪುಸ್ತಕ ಬಿಡುಗಡೆ ಅಂತ ಓಡಿ ಬರೋರು ಇದ್ದೇ ಇದ್ದಾರೆ. ಆದ್ರೆ ಕಳೆದ ಡಿಸೆಂಬರ್‌ನ ಡೈರಿ ಸೀಸನ್‌ನಲ್ಲಿ ಮಾಮಾ ಹೆಚ್ಚಿನ ದಿನ ಏಳೂವರೆಗೆ ಮನೆಗೆ ಹೋದ್ರು. ಗದಗಿನ ಮನೆ ಪತ್ರ ಕಪಾಟಿನಲ್ಲೇ ಇದೆ.

ಮುಂದಿನ ಸಲ ಊರಿಗೆ ಹೋದಾಗ ನಿಮ್ಮ ಮನೆಯ ದಂಧೆಯಲ್ಲೂ ಇದನ್ನು ಮಾಡಿ ನೋಡಿ. ಬೈಂಡಿಂಗೇ ಆಗಬೇಕಂತಿಲ್ಲ, ಮಗ್ಗವಾದ್ರೂ ಸರಿ, ಲೇತ್ ಆದ್ರೂ ಸರಿ. ಲ್ಯಾಪ್‌ಟಾಪ್ ತೆಗೀಬೇಡಿ. ಒಂದು ನೋಟ್‌ಬುಕ್ ಕೊಂಡು ನಾಲ್ಕು ಕಾಲಂ ಹಾಕಿ, ಕೆಲಸ ಮಾಡುವವರ ಪಕ್ಕ ಒಂದು ದಿನ ನಿಂತುಕೊಳ್ಳಿ. ಅವರಿಗೆ ಎಲ್ಲ ಗೊತ್ತಿರತ್ತೆ, ಯಾರೂ ಕೇಳಿರಲ್ಲ ಅಷ್ಟೇ.